ನೆರಳಿಗೆ ಸಿಕ್ಕದ ಬಿರುಕು

ಓಡುತ್ತಿದ್ದ ಹುಡುಗನೊಬ್ಬನು ಎಡವಿ, ಅಂಗೈಯನ್ನು ನೆಲಕ್ಕೂರಿ ಬೀಳುತ್ತಾನೆ. ಮಣಿಕಟ್ಟು ನೋಯುತ್ತದೆ, ಕ್ಷ-ಕಿರಣ ಚಿತ್ರದಲ್ಲಿ ಮುರಿತವೇನೂ ಕಾಣುವುದಿಲ್ಲ. ಉಳುಕಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿದಾಗ ನೋವಾದರೆ, ಅನುಭವಿಗಳಾದ ವೈದ್ಯರು ಬೇರೊಂದು ಭಂಗಿಯಲ್ಲಿ ಮತ್ತೊಂದು ಚಿತ್ರವನ್ನು ತೆಗೆಸುವರು. ನಶ್ಯ ಸೇದುವವರು ಪುಡಿಯನ್ನಿಟ್ಟುಕೊಳ್ಳುವ ಜಾಗವಾದುದರಿಂದ ಅಂಗರಚನಾ ಶಾಸ್ತ್ರಜ್ಞರು ಆ ಗುಳಿಗೆ ನಶ್ಯದ ಡಬ್ಬಿಯೆಂದೇ ಹೆಸರಿಟ್ಟಿದ್ದಾರೆ!

ಇನ್ನೊಂದು ಭಂಗಿಯೇಕೆ? 1895ರಲ್ಲಿ ರಾಂಟ್‌ಗನ್ ತನ್ನ ಪತ್ನಿಯ ಕೈಯೆಲುಬುಗಳನ್ನು ಚಿತ್ರಿಸಿದಂದಿನಿಂದಲೂ ಇಂಥ ಚಿತ್ರವು ನೆರಳೇ ಹೊರತು ಬೇರೇನಲ್ಲ. ದೀಪದ ಮುಂದೆ ಪೆನ್ಸಿಲೊಂದನ್ನು ಗೋಡೆಗೆ ಸಮಾಂತರವಾಗಿ ಹಿಡಿಯಿರಿ, ನೆರಳು ನೀಳವಾಗಿರುತ್ತದೆ. ತುದಿಯನ್ನು ದೀಪದತ್ತ ಓರೆಮಾಡಿ, ನೆರಳು ಮೊಟಕಾಗುತ್ತದೆ. ಮಣಿಕಟ್ಟಿನ 8 ಎಲುಬುಗಳಲ್ಲಿ ಹೆಬ್ಬೆರಳ ಕಡೆಗಿರುವ, ದೋಣಿಯಾಕಾರದ ಸ್ಕೇಫಾಯಿಡ್ ಎಂಬುದು ಅಂಗೈಯತ್ತ ಬಾಗಿ ಕುಳಿತಿದೆ. ಆದುದರಿಂದ ಸಾಮಾನ್ಯ ಚಿತ್ರದಲ್ಲಿ ಅದರ ನೆರಳು ಮೊಟಕು.

ಬಿರುಕಿನ ಮಾತು ಇನ್ನೂ ಸೂಕ್ಷ್ಮವಾದುದು. ಬಿರುಕಿನ ಅಗಲ 0.5 ಮಿಲಿಮೀಟರ್, ಆಳ 10 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಕಿರಣವು ಬಿರುಕಿನುದ್ದಕ್ಕೇ ಸಾಗಿದರೆ ಅದಕ್ಕೆ 10 ಮಿಲಿಮೀಟರಿನಷ್ಟು ಎಲುಬು ಅಡ್ಡಬರುವುದೇ ಇಲ್ಲ. ಫಲಕದ ಮೇಲೆ ಸ್ಪಷ್ಟವಾದ ಗೆರೆ ಮೂಡುತ್ತದೆ. ಕಿರಣವು 30 ಡಿಗ್ರಿ ಓರೆಯಾದರೋ, ಉಳಿತಾಯವಾಗುವುದು ಕೇವಲ 1 ಮಿಲಿಮೀಟರ್. ಕದದ ಹಲಗೆಗಳ ನಡುವಣ ಸಂದಿಗೆ ನೇರವಾಗಿ ಕಣ್ಣಿಟ್ಟರೆ ಮಾತ್ರ ಆಚೆಯ ಬೆಳಕು ಕಾಣುವುದಲ್ಲವೆ?

ಆದುದರಿಂದ ಅಂಗೈಯನ್ನು ಫಲಕದ ಮೇಲೆ ಬೋರಲಾಗಿಟ್ಟು, ಕೈಯನ್ನು ಕಿರುಬೆರಳ ಕಡೆಗೆ ವಾಲಿಸುತ್ತಾರೆ. ಬಾಗಿದ್ದ ಎಲುಬು ಆಗ ನೀಳವಾಗಿ ಚಾಚಿಕೊಳ್ಳುತ್ತದೆ. ಕಿರಣನಾಳವನ್ನೂ 20ರಿಂದ 30 ಡಿಗ್ರಿಯಷ್ಟು ಮೊಳಕೈಯತ್ತ ಓರೆಮಾಡುವುದುಂಟು. 1937ರಲ್ಲಿ ಸ್ಟೆಷರ್ ಎಂಬಾತನು ನಾಳವನ್ನು ನೇರವಾಗಿಯೇ ಇರಿಸಿ, ಬೆರಳುಗಳ ಕಡೆಯಿಂದ ಫಲಕವನ್ನೇ 20 ಡಿಗ್ರಿ ಎತ್ತುವ ಉಪಾಯವನ್ನು ವಿವರಿಸಿದನು. ಎಲುಬಿಗೂ ಕಿರಣಕ್ಕೂ ನಡುವಣ ಕೋನವೇ ಮುಖ್ಯವಾದುದರಿಂದ ಎರಡರ ಫಲವೂ ಒಂದೇ.

ಇಷ್ಟೊಂದು ಶ್ರಮವು ವ್ಯರ್ಥವಲ್ಲ. ಈ ಎಲುಬಿಗೆ ರಕ್ತವು ಬಹುಮಟ್ಟಿಗೆ ಬೆರಳುಗಳ ಕಡೆಯಿಂದ ಒಳಹೊಕ್ಕು, ಮುಂಗೈಯ ಕಡೆಯ ತುದಿಗೆ ಹಿಮ್ಮುಖವಾಗಿ ಹರಿಯುತ್ತದೆ. ನಡು ಮುರಿದರೆ ಆ ತುದಿಗೆ ರಕ್ತ ತಪ್ಪಿ ಅದು ಸಾಯಬಹುದು. ಕಾಲಕ್ರಮದಲ್ಲಿ ಕೀಲು ಸವೆದು ಮಣಿಕಟ್ಟು ಬಿಗಿಯಬಹುದು. ಸರಿಯಾದ ಭಂಗಿಗೂ ಕೆಲವು ಬಿರುಕುಗಳು ಮೊದಲ ದಿನ ಸಿಕ್ಕವು. ಅನುಮಾನ ಉಳಿದಲ್ಲಿ ಕೈಗೆ ಪಟ್ಟಿ ಕಟ್ಟಿ, 10ರಿಂದ 14 ದಿನಗಳ ಮೇಲೆ ಮತ್ತೆ ಚಿತ್ರ ತೆಗೆಯುತ್ತಾರೆ. ಅಷ್ಟರಲ್ಲಿ ಬಿರುಕಿನಂಚಿನ ಎಲುಬು ಕರಗಿ ಗೆರೆಯು ಅಗಲವಾಗಿರುತ್ತದೆ. ಎಂ.ಆರ್.ಐ. ಸೌಲಭ್ಯವಿರುವಲ್ಲಿ ಅಷ್ಟು ದಿನ ಕಾಯಬೇಕಾಗಿಲ್ಲ.