ಜಕಾತ್: ನೂರಕ್ಕೆ ಎರಡೂವರೆ ರೂಪಾಯಿ ಮಾಡುವ ಕೆಲಸ ಏನು?

ಇವತ್ತು ಬಾರ್ಕೂರಿನಿಂದ ಶುರು ಮಾಡೋಣ. 1342ರ ಸುಮಾರಿಗೆ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಊರನ್ನು ಫಾಕನೂರು ಅಂತ ಕರೆದ, ಇಲ್ಲಿನ ಕಬ್ಬನ್ನು ಹೊಗಳಿದ. ಇಲ್ಲಿ ಮುಸ್ಲಿಮರಿದ್ದಾರೆ, ಅವರ ಮುಖಂಡ ಶುಕ್ರವಾರದ ನಮಾಜಿಗೆ ಮಸೀದಿ ಕಟ್ಟಿಸಿದ್ದಾನೆ, ಖಾಜಿಯೂ ಇದ್ದಾನೆ ಅಂತ ಬರೆದ. ಆದರೆ ರಾಜ ಮುಸ್ಲಿಮನಲ್ಲ. ಹಾಗಾದ್ರೆ ಅಂಥ ಊರಲ್ಲಿ ಜಕಾತ್ ವಸೂಲಿ ಮಾಡೋರು ಯಾರು? ಭಾರತದಲ್ಲಿ ಈ ಪ್ರಶ್ನೆ ಈಗಲೂ ಹಾಗೇ ಇದೆ.

ಲೆಕ್ಕ ಸರಳ. ಸುಮಾರು 85 ಗ್ರಾಂ ಚಿನ್ನ ಅಥವಾ 600 ಗ್ರಾಂ ಬೆಳ್ಳಿಯಷ್ಟು ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಶೇ 2.5 ಕೊಡಬೇಕು. ನಾಲ್ಕು ಲಕ್ಷ ಇದ್ದರೆ ಹತ್ತು ಸಾವಿರ. ಗಮನಿಸಿ, ಇದು ಆದಾಯದ ಮೇಲಲ್ಲ, ಉಳಿಕೆಯ ಮೇಲೆ. ಮೀನುಗಾರನ ಬೋಟು, ಬಲೆಗೆ ಜಕಾತ್ ಇಲ್ಲ. ಬ್ಯಾಂಕಿನಲ್ಲಿ ಸುಮ್ಮನೆ ಮಲಗಿದ ದುಡ್ಡಿಗೆ, ಮಾರಾಟಕ್ಕಿಟ್ಟ ಸರಕಿಗೆ ಇದೆ. ಹಣ ಕೂಡಿಟ್ಟವನಿಗೆ ವರ್ಷವರ್ಷವೂ ಅದು ಕರಗುತ್ತೆ, ಬೋಟಿಗೆ ಹಾಕಿದವನಿಗೆ ಕರಗೋದಿಲ್ಲ. ಅರ್ಥಶಾಸ್ತ್ರದ ದೃಷ್ಟಿಯಿಂದ ನನಗೆ ಅತಿ ಕುತೂಹಲದ ಭಾಗ ಇದೇ.

ಗದ್ದೆಗೆ ಬೇರೆ ದರ. ಮಳೆ ನೀರಿನ ಕಾರ್ತಿ ಬೆಳೆಗೆ ಹತ್ತನೇ ಒಂದು ಪಾಲು, ಪಂಪು ಇಟ್ಟು ಬೆಳೆದದ್ದಕ್ಕೆ ಇಪ್ಪತ್ತನೇ ಒಂದು. ಡೀಸೆಲ್ ಖರ್ಚನ್ನು ಧರ್ಮಶಾಸ್ತ್ರವೇ ಲೆಕ್ಕ ಹಿಡಿದಂತಾಯಿತು! ಬಂಗಾರದಲ್ಲಿ ಮಾತ್ರ ತಕರಾರು: ಹೆಂಗಸರು ತೊಡುವ ಒಡವೆಗೆ ಹನಫಿಗಳ ಪ್ರಕಾರ ಜಕಾತ್ ಇದೆ, ಕರಾವಳಿಯ ಬ್ಯಾರಿಗಳು, ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ಸಾಮಾನ್ಯವಾಗಿ ಇಲ್ಲ.

ಪಾಕಿಸ್ತಾನ 1980ರಲ್ಲಿ ಕಾನೂನು ತಂದು, ರಂಜಾನ್ ಮೊದಲ ದಿನ ಉಳಿತಾಯ ಖಾತೆಯಿಂದಲೇ ಜಕಾತ್ ಕಡಿತ ಶುರು ಮಾಡಿತು. ಏನಾಯ್ತು? ಎಷ್ಟೋ ಜನ ಮೊದಲೇ ದುಡ್ಡು ತೆಗೆದಿಟ್ಟುಕೊಂಡರು. ಶಿಯಾಗಳು ಪ್ರತಿಭಟಿಸಿ ವಿನಾಯಿತಿ ಪಡೆದರು. ಮಲೇಷ್ಯಾದಲ್ಲಿ ವ್ಯಕ್ತಿ ಕೊಟ್ಟ ಜಕಾತ್ ಆದಾಯ ತೆರಿಗೆಯಲ್ಲೇ ವಜಾ ಆಗುತ್ತೆ.

ನಮ್ಮಲ್ಲಿ ಎಲ್ಲವೂ ಸ್ವಇಚ್ಛೆ. ಜಿಡಿಪಿಯಲ್ಲಿ ಜಕಾತ್ ಕಾಣೋದೂ ಇಲ್ಲ, ಯಾಕಂದ್ರೆ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಹಣ. ಪಡೆದವರು ಅಕ್ಕಿ ಕೊಂಡಾಗ ಮಾತ್ರ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಹಂಚುವ ರೀತಿಯೇ ಮುಖ್ಯ. ನಲವತ್ತು ಮನೆಗಳು ತಲಾ ಹತ್ತು ಸಾವಿರ ಕೊಟ್ಟರೆ ನಾಲ್ಕು ಲಕ್ಷ. ಐನೂರರ ನೋಟಾಗಿ ಹಂಚಿದರೆ ಎಂಟುನೂರು ಕೈಗೆ ಹೋಗಿ ಹಬ್ಬದೊಳಗೆ ಮುಗಿಯುತ್ತೆ. ಒಟ್ಟು ಮಾಡಿದರೆ ಹತ್ತು ಮನೆಯ ಬಡ್ಡಿ ಸಾಲವನ್ನೇ ತೀರಿಸಬಹುದು. ಕುರ್‌ಆನ್ ಹೇಳುವ ಎಂಟು ಬಗೆಯ ಅರ್ಹರಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಹಬ್ಬದ ಬಟ್ಟೆ ಬೇಡ ಅಂತಲ್ಲ, ಆದರೆ ಎರಡನೆಯದು ಕಡಿಮೆ ನಡೆಯುತ್ತೆ ಅನ್ನೋದು ನನ್ನ ಬೇಸರ.

ಮಸೀದಿ ಕಟ್ಟೋಕೆ ಜಕಾತ್ ಬಳಸುವಂತಿಲ್ಲ ಅಂತ ಹೆಚ್ಚಿನ ವಿದ್ವಾಂಸರ ಮಾತು. ಅದಕ್ಕಿರೋದು ಬೇರೆ ದಾನ, ವಕ್ಫ್. ಅದು ಇನ್ನೊಂದು ಸಂಚಿಕೆಗೆ.