ಬಾಕ್ಸ್ ಮೀರಿದ ಸಾಲು

ಸಾಫ್ಟ್‌ವೇರ್ ಕಚೇರಿಗಳ ಮೇಜಿನ ಮೇಲೆ ಆಗಾಗ ಕಾಣಸಿಗುವ ಒಂದು ಕಾಫಿ ಮಗ್ ಇದೆ. ಬಿಳಿ ಮೈಮೇಲೆ ಕಪ್ಪು ಗೆರೆಯ ಚೌಕ, ಅದರೊಳಗೆ ಒಂದರ ಕೆಳಗೊಂದು ‘ಸಿಎಸ್‌ಎಸ್’, ‘ಈಸ್’, ‘ಆಸಮ್’ ಎಂಬ ಮೂರು ಇಂಗ್ಲಿಷ್ ಪದಗಳು. ಮೊದಲೆರಡು ಸಲೀಸಾಗಿ ಕೂತಿವೆ. ಮೂರನೆಯದು ಉದ್ದ, ಹಾಗಾಗಿ ಬಲಗಡೆಯ ಗೆರೆ ದಾಟಿ ಹೊರಗೆ ಚಾಚಿದೆ. ವೆಬ್ ಪುಟ ಬರೆಯುವವರು ಇದನ್ನು ನೋಡಿ ನಗುತ್ತಾರೆ, ಏಕೆಂದರೆ ಈ ಪಾಡು ಎಲ್ಲರಿಗೂ ಗೊತ್ತು.

ಆದರೆ ಆ ಪದ ಹೊರಗೆ ಚಾಚಿದ್ದು ಯಾರೂ ಯೋಚಿಸದೆ ಆದ ಎಡವಟ್ಟಲ್ಲ. ಪುಟಗಳ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯನ್ನು ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಪ್ರಸ್ತಾಪಿಸಿದರು. ಅದರ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಬಾಕ್ಸಿಗಿಂತ ಬರಹ ದೊಡ್ಡದಾದಾಗ ಏನು ಮಾಡಬೇಕೆಂದು ಪುಟ ಕಟ್ಟಿದವರು ಹೇಳದಿದ್ದರೆ, ಬ್ರೌಸರ್ ಅದನ್ನು ಹೊರಗೆ ಹರಿಯಲು ಬಿಡುತ್ತದೆ, ಮುಚ್ಚಿಡುವುದಿಲ್ಲ. ಪುಟ ಅಂದಗೆಟ್ಟರೂ ಓದುಗರಿಗೆ ಮಾತು ತಪ್ಪಬಾರದೆಂಬ ಕಾಳಜಿ ಈ ನಿಯಮದ ಹಿಂದಿದೆ. ಮುಚ್ಚಿಡಬೇಕೆಂದು ತೀರ್ಮಾನಿಸುವುದು ಪುಟ ಕಟ್ಟುವವರು.

ಪತ್ರಿಕೆಯ ಉಪಸಂಪಾದಕರಿಗೆ ಕಾಲಮ್ಮಿನ ಅಗಲ ಮೊದಲೇ ಗೊತ್ತಿರುತ್ತದೆ. ಶೀರ್ಷಿಕೆ ಹಿಡಿಸದಿದ್ದರೆ ಒಂದು ಪದ ಬದಲಿಸುತ್ತಾರೆ, ಇಲ್ಲವೇ ಅಕ್ಷರದ ಗಾತ್ರ ಇಳಿಸುತ್ತಾರೆ. ವೆಬ್ ಪುಟ ಕಟ್ಟುವವರಿಗೆ ಈ ಅನುಕೂಲವಿಲ್ಲ. ಅದೇ ಪುಟವನ್ನು ಒಬ್ಬರು ದೊಡ್ಡ ಮಾನಿಟರಿನಲ್ಲಿ ತೆರೆಯುತ್ತಾರೆ, ಇನ್ನೊಬ್ಬರು ಅಂಗೈಯಗಲದ ಫೋನಿನಲ್ಲಿ. ಕಣ್ಣು ಮಂಜಾದ ಹಿರಿಯರು ಅಕ್ಷರವನ್ನು ಇಮ್ಮಡಿ ಮಾಡಿಕೊಂಡು ಓದುತ್ತಾರೆ. ಹಾಗೆ ಶೇ 200ರಷ್ಟು ಹಿಗ್ಗಿಸಿದಾಗಲೂ ಮಾಹಿತಿ ಕಳೆದುಹೋಗಬಾರದೆಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಅನುವಾದ ಬಂದರೆ ಉದ್ದ ಮತ್ತೆ ಬದಲಾಗುತ್ತದೆ. ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಪದ ಬೇರೆ ಭಾಷೆಗೆ ಹೋದಾಗ ಎರಡರಿಂದ ಮೂರು ಪಟ್ಟು ಜಾಗ ಬೇಡಬಹುದು ಎಂಬುದು ಐಬಿಎಂನ ಹಳೆಯ ಲೆಕ್ಕಾಚಾರ.

ಇಷ್ಟೆಲ್ಲದಕ್ಕೆ ಹೆಚ್ಚಿನವರು ಹಿಡಿಯುವ ಸುಲಭದ ದಾರಿಯೆಂದರೆ ಮೂರು ಚುಕ್ಕಿ. ಸಾಲು ಮುರಿಯಬಾರದು, ಬಾಕ್ಸಿನ ಹೊರಗಿನದು ಕಾಣಬಾರದು, ಕತ್ತರಿಸಿದ ಕಡೆ ಚುಕ್ಕಿ ಬರಬೇಕು ಎಂದು ಮೂರು ಆದೇಶ ಬರೆದರೆ ಕೆಲಸ ಮುಗಿಯಿತು. ಚುಕ್ಕಿಯ ಆದೇಶವನ್ನು ಮೊದಲು ತಂದದ್ದು ಮೈಕ್ರೋಸಾಫ್ಟ್, 2001ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ. ಫೈರ್‌ಫಾಕ್ಸ್‌ಗೆ ಅದು ಬಂದದ್ದು ಹತ್ತು ವರ್ಷದ ನಂತರ, 2011ರಲ್ಲಿ.

ಚುಕ್ಕಿ ನೋಡಲು ಅಚ್ಚುಕಟ್ಟು, ಆದರೆ ಅದು ಯಾವಾಗಲೂ ಕೊನೆಯನ್ನೇ ನುಂಗುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದ ಅಧಿಕೃತ ಹೆಸರು ‘ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ’. ಬೆಂಗಳೂರಿನ ಮುಖ್ಯ ನಿಲ್ದಾಣದ್ದು ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು’. ಎರಡರಲ್ಲೂ ಊರಿನ ಹೆಸರು ಕೊನೆಗಿದೆ. ಕಿರಿದಾದ ಪಟ್ಟಿಯೊಂದರಲ್ಲಿ ಇವನ್ನು ಹಾಕಿದರೆ ‘ಶ್ರೀ ಸಿದ್ಧಾರೂಢ…’, ‘ಕ್ರಾಂತಿವೀರ ಸಂಗೊ…’ ಎಂದು ಉಳಿಯುತ್ತದೆ, ಪ್ರಯಾಣಿಕರು ಹುಡುಕುವ ಊರೇ ಮಾಯವಾಗುತ್ತದೆ. ಇಂಥಲ್ಲಿ ಹೆಸರಿಗೆ ಎರಡು ಸಾಲು ಕೊಡುವುದೇ ಸರಿ. ಜಾಗ ಖಂಡಿತ ಇಲ್ಲವೆಂದಾದರೆ ಮಧ್ಯದಲ್ಲಿ ಕತ್ತರಿಸಿ ಎರಡೂ ತುದಿ ಉಳಿಸಿಕೊಳ್ಳಬೇಕು. ಉದ್ದದ ಫೈಲ್ ಹೆಸರುಗಳಿಗೆ ಮ್ಯಾಕ್ ಕಂಪ್ಯೂಟರ್ ಮಾಡುವುದೂ ಇದನ್ನೇ. ಮೌಸ್ ಇಟ್ಟರೆ ಪೂರ್ತಿ ಹೆಸರು ಕಾಣುವಂತೆ ಮಾಡಿದ್ದೇವೆಂಬ ಸಮಾಧಾನ ಸಾಲದು. ಬೆರಳಿನಿಂದ ಬಳಸುವ ಫೋನಿನಲ್ಲಿ ಮೌಸ್ ಎಲ್ಲಿದೆ?

ಕನ್ನಡ ಪುಟಗಳಿಗೆ ಇನ್ನೊಂದು ಕಷ್ಟವಿದೆ, ಅದು ಅಡ್ಡಡ್ಡವಲ್ಲ, ಉದ್ದುದ್ದ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಸಾಲಿನ ಎತ್ತರ ಇಟ್ಟು, ಹೊರಗಿನದು ಕಾಣಬಾರದೆಂದು ಆದೇಶಿಸಿದರೆ ಒತ್ತಕ್ಷರಗಳ ಬುಡ ಹಾರಿಹೋಗುತ್ತದೆ. ‘ರಾಷ್ಟ್ರ’ ಎಂಬಲ್ಲಿ ಷಕಾರದ ಕೆಳಗೆ ಟಕಾರದ ಒತ್ತು ಇಳಿಯುತ್ತದೆ, ಜೊತೆಗೆ ರಕಾರದ್ದೂ ಬೇಕು. ಬಾಕ್ಸಿನ ಅಂಚು ಅಲ್ಲೇ ಬಿದ್ದರೆ ಒತ್ತಿನ ಅರ್ಧ ಮಾತ್ರ ಕಾಣುತ್ತದೆ. ಸಾಲಿನ ಎತ್ತರ ಹೆಚ್ಚಿಸುವುದು, ಬಾಕ್ಸಿನೊಳಗೆ ಕೆಳಗಡೆ ತುಸು ಜಾಗ ಬಿಡುವುದು ಇದಕ್ಕೆ ಮದ್ದು. ಒಂದೇ ಸಾಲಿನ ಬದಲಾವಣೆಯಾದರೂ ಕನ್ನಡ ಓದಬಲ್ಲವರೊಬ್ಬರು ಪರದೆ ನೋಡಿ ಹೇಳುವವರೆಗೆ ಈ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ.

ಇದಕ್ಕಿಂತ ಆಳದ ತಪ್ಪು ಪರದೆಗೆ ಬರುವ ಮೊದಲೇ ನಡೆಯುತ್ತದೆ. ಬ್ರೌಸರ್ ಚುಕ್ಕಿ ಹಾಕಿದಾಗ ಪೂರ್ತಿ ಬರಹ ಪುಟದ ಒಳಗೆ ಇದ್ದೇ ಇರುತ್ತದೆ, ದೃಷ್ಟಿಹೀನರು ಬಳಸುವ ಓದುವ ತಂತ್ರಾಂಶಕ್ಕೂ ಸಿಗುತ್ತದೆ. ಆದರೆ ಎಷ್ಟೋ ಕಡೆ ಸರ್ವರಿನಲ್ಲೇ ‘ಮೊದಲ 40 ಅಕ್ಷರ ಸಾಕು’ ಎಂದು ಕತ್ತರಿಸುತ್ತಾರೆ. ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂದು ಆರು ಸಂಕೇತ. ‘ರಾಜ್ಯ’ದಲ್ಲಿ ಐದು. ಕತ್ತರಿ ಮೂರನೆಯದರ ಮೇಲೆ ಬಿದ್ದರೆ ‘ರಾಜ…’ ಎಂದು ಉಳಿಯುತ್ತದೆ. ರಾಜ್ಯ ಸರ್ಕಾರದ ಸುದ್ದಿ ರಾಜನ ಸುದ್ದಿಯಾಗುತ್ತದೆ, ಪದವೇ ತುಂಡಾಗಿದೆ ಎಂಬ ಸುಳಿವು ಚುಕ್ಕಿ ನೋಡಿದ ಓದುಗರಿಗೂ ಸಿಗುವುದಿಲ್ಲ.

ಅಕ್ಷರದ ಗಡಿ ಎಲ್ಲಿ ಎಂದು ತಂತ್ರಾಂಶಗಳಿಗೆ ತಿಳಿಸಲು ಯೂನಿಕೋಡ್‌ನದೇ ನಿಯಮಾವಳಿ ಇದೆ. 2023ರ 15.1ನೇ ಆವೃತ್ತಿಯಲ್ಲಿ ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಅದಕ್ಕೆ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಆ ಆವೃತ್ತಿಯನ್ನು ನೆಚ್ಚಿದ ತಂತ್ರಾಂಶ ‘ರಾಜ್ಯ’ವನ್ನು ರಾ, ಜ್, ಯ ಎಂದು ಮೂರು ತುಂಡಾಗಿ ಕಾಣುತ್ತದೆ. ಒತ್ತಕ್ಷರವಿಲ್ಲದೆ ಒಂದು ವಾಕ್ಯ ಬರೆಯುವುದೂ ಕಷ್ಟವಾದ ಭಾಷೆಗೆ ಇದು ಸಣ್ಣ ಕೊರತೆಯಲ್ಲ. ಈ ಕೊರತೆ ತುಂಬುವವರೆಗೆ ಕೋಡ್ ಬರೆಯುವವರು ತಾವೇ ಒಂದು ಪರೀಕ್ಷೆ ಇಟ್ಟುಕೊಳ್ಳಬಹುದು: ಕತ್ತರಿಸುವ ಜಾಗದ ಹಿಂದೆ ಅಥವಾ ಮುಂದೆ ಹಲಂತವಿದ್ದರೆ, ಇಲ್ಲವೇ ಮುಂದೆ ಸ್ವರಚಿಹ್ನೆಯಿದ್ದರೆ ಅಲ್ಲಿ ಕತ್ತರಿಸದೆ ಇಡೀ ಅಕ್ಷರದ ಹಿಂದಕ್ಕೆ ಸರಿಯುವುದು.

ಚುಕ್ಕಿಯ ಆದೇಶ ಸರಿಯಿದ್ದರೂ ಬಾಕ್ಸ್ ಮಣಿಯದ ಸಂದರ್ಭವೊಂದಿದೆ. ಒಂದೇ ಸಾಲಿನಲ್ಲಿ ಫೋಟೊ, ಹೆಸರು, ಬಟನ್. ಹೆಸರು ಉದ್ದವಾದೊಡನೆ ಬಟನ್ ಪರದೆಯಾಚೆ ಹೋಗುತ್ತದೆ. ಇವನ್ನು ಅಕ್ಕಪಕ್ಕ ಕೂರಿಸುವ ಫ್ಲೆಕ್ಸ್‌ಬಾಕ್ಸ್ ವಿಧಾನದಲ್ಲಿ ಬೇರೆ ಆದೇಶವಿಲ್ಲದಿದ್ದರೆ ಯಾವ ಬಾಕ್ಸೂ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ, ಸಾಲು ಮುರಿಯಬಾರದೆಂಬ ಆದೇಶವೂ ಇದ್ದರೆ ಪೂರ್ತಿ ಹೆಸರಿನ ಉದ್ದವೇ ಅದರ ಕನಿಷ್ಠ ಅಗಲ. ಹೆಸರನ್ನು ಸುತ್ತುವರಿದ ಬಾಕ್ಸಿಗೆ ‘ಕನಿಷ್ಠ ಅಗಲ ಸೊನ್ನೆ’ ಎಂದು ಬರೆದರೆ ಎಲ್ಲವೂ ಜಾಗಕ್ಕೆ ಬರುತ್ತವೆ.

ಉಳಿದದ್ದು ಉದ್ದನೆಯ ಪದಗಳ ಪಾಡು. ‘ಅನುಷ್ಠಾನಗೊಳಿಸಬೇಕಾಗಿರುವುದರಿಂದ’ ಎಂಬಂಥ ಪದ ಫೋನಿನ ಸಾಲಿಗೆ ಹಿಡಿಸುವುದಿಲ್ಲ. ‘ಎಲ್ಲಿಯಾದರೂ ಮುರಿ’ ಎಂಬ ಆದೇಶ ಕೊಟ್ಟರೆ ಷ್ ಒಂದು ಸಾಲಿನಲ್ಲಿ, ಠಾ ಇನ್ನೊಂದರಲ್ಲಿ ಬೀಳುವ ಅಪಾಯವಿದೆ. ಅಚ್ಚುಮೊಳೆಯ ಕಾಲದಿಂದ ಮುದ್ರಕರು ಬಳಸುತ್ತ ಬಂದ ಅಡ್ಡಗೆರೆಯೇ ಇಲ್ಲಿ ಮೇಲು. ಎಲ್ಲಿ ಗೆರೆ ಹಾಕಬಹುದೆಂದು ಕಂಪ್ಯೂಟರಿಗೆ ಕಲಿಸುವ ವಿಧಾನವನ್ನು 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕ್ನೂತ್ ಅವರ ಶಿಷ್ಯ ಫ್ರಾಂಕ್ಲಿನ್ ಲಿಯಾಂಗ್ ರೂಪಿಸಿದರು. ಆ ವಿಧಾನಕ್ಕೆ ಬೇಕಾದ ಕನ್ನಡದ ಮಾದರಿಗಳನ್ನು ಮಲಯಾಳಂ ಫಾಂಟ್‌ಗಳಿಗೆ ಹೆಸರಾದ ಸಂತೋಷ್ ತೋಟ್ಟಿಂಗಲ್ ಸಿದ್ಧಪಡಿಸಿದ್ದಾರೆ. ಆಂಡ್ರಾಯ್ಡ್‌ನಲ್ಲೂ ಕನ್ನಡದ ಮಾದರಿಗಳಿವೆ. ಅವು ಕೆಲಸ ಮಾಡಬೇಕಾದರೆ ಪುಟ ತನ್ನ ಭಾಷೆ ಕನ್ನಡ ಎಂದು ಆರಂಭದ ಸಾಲೊಂದರಲ್ಲೇ ಘೋಷಿಸಿಕೊಂಡಿರಬೇಕು. ಇಂಗ್ಲಿಷ್ ಟೆಂಪ್ಲೇಟಿನ ಮೇಲೆ ಕಟ್ಟಿದ ಕನ್ನಡ ತಾಣವಾದರೆ ಆ ಸಾಲನ್ನು ಒಮ್ಮೆ ತೆರೆದು ನೋಡಬೇಕು, ಅಲ್ಲಿ ಇನ್ನೂ ಇಂಗ್ಲಿಷ್ ಎಂದೇ ಉಳಿದಿರಬಹುದು.