ಅಗಸೆ ಎಣ್ಣೆ ಒರೆಸಿದ ಬಟ್ಟೆ: ಇರಲಿ ಎಚ್ಚರ!

ಮಳೆಗಾಲಕ್ಕೆ ಮುಂಚೆ ನೊಗ, ಕೂರಿಗೆ, ಬಂಡಿಯ ಮರಕ್ಕೆ ಅಗಸೆ ಎಣ್ಣೆ ಬಳಿಯುವುದು ಒಳ್ಳೆಯ ರೂಢಿ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕೊಟ್ಟಿಗೆಯ ಮೂಲೆಗೆ ಎಸೆಯಬಾರದು. ಬೆಂಕಿಕಡ್ಡಿ ಗೀರದೆಯೇ ಅದು ತಾನಾಗಿ ಹೊತ್ತಿಕೊಳ್ಳಬಹುದು.

ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗಿ, ಗಟ್ಟಿ ಪದರವಾಗುತ್ತದೆ. ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಲಿನೊಲೆನಿಕ್ ಆಮ್ಲವೇ ಇದಕ್ಕೆ ಮುಖ್ಯ ಕಾರಣ. ಕೊಬ್ಬರಿ ಎಣ್ಣೆಗೆ ಈ ಗುಣವಿಲ್ಲ. ಬಳಿದರೆ ಜಿಡ್ಡಾಗಿಯೇ ಉಳಿಯುತ್ತದೆ.

ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಮರದ ಮೇಲಿನ ಶಾಖ ಗಾಳಿಯಲ್ಲಿ ಹೋಗಿಬಿಡುತ್ತದೆ. ಬಟ್ಟೆಯ ಮುದ್ದೆಯೊಳಗಾದರೆ ಹೊರಬರಲು ದಾರಿಯಿಲ್ಲದೆ ಏರುತ್ತಲೇ ಹೋಗುತ್ತದೆ. ಪಕ್ಕದಲ್ಲಿ ಬಣವೆಯಿದ್ದರೆ ವರ್ಷದ ಮೇವೂ ಕಟ್ಟಿದ ದನಗಳೂ ಒಂದೇ ರಾತ್ರಿಯಲ್ಲಿ ಹೋದಾವು.

ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸಬೇಕು:

1. ಎಣ್ಣೆಯನ್ನು ತೆಳ್ಳಗೆ ಬಳಿಯಿರಿ. ದಪ್ಪವಾದರೆ ಮೇಲೆ ಕೆನೆಗಟ್ಟಿ, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

2. ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದನ್ನು ಬಳಿಯಿರಿ. ಗಾಣದ ಹಸಿ ಎಣ್ಣೆ ಆರಲು ಹಲವು ದಿನ ಬೇಕು.

3. ಬಣ್ಣದಂಗಡಿಯ ಕುದಿಸಿದ ಎಣ್ಣೆ ಬೇಗ ಆರುತ್ತದೆ. ಅದರಲ್ಲಿ ಕೋಬಾಲ್ಟ್, ಮ್ಯಾಂಗನೀಸ್‌ನಂತಹ ಲೋಹದ ಲವಣಗಳನ್ನು ಸೇರಿಸುವುದುಂಟು, ಅಡುಗೆಗೆ ಬಳಸಲೇಬಾರದು.

4. ಒರೆಸಿದ ಬಟ್ಟೆಗಳನ್ನು ಬಣವೆಯಿಂದ ದೂರ, ಬಯಲಿನಲ್ಲಿ ಒಂದೊಂದಾಗಿ ಹರಡಿ, ಸೆಟೆದುಕೊಳ್ಳುವವರೆಗೆ ಒಣಗಿಸಿರಿ. ಇಲ್ಲವೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿರಿ.

ಎಣ್ಣೆ ಬಳಿದ ದಿನ, ಆ ಬಟ್ಟೆ ಎಲ್ಲಿದೆಯೆಂದು ನೋಡಿಯೇ ಮಲಗಿರಿ.